ಕಂಪ್ಯೂಟರಿನಲ್ಲಿ ಅತ್ತೆಯ ಪಾಲು

ಹೊಲ ಪಾಲು ಮಾಡಿದವರನ್ನು ನೀವು ನೋಡಿದ್ದೀರಿ. ಮನೆಯ ನಡುವೆ ಗೋಡೆ ಎಬ್ಬಿಸಿದವರನ್ನೂ ನೋಡಿದ್ದೀರಿ. ಎಲೆ ಅಡಿಕೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕಂಪ್ಯೂಟರನ್ನು ಪಾಲು ಮಾಡಿದವರನ್ನು ನೋಡಿದ್ದೀರಾ? ಇಲ್ಲ ತಾನೇ? ಹಾಗಾದರೆ ನಮ್ಮ ಸೋದರಮಾವನನ್ನು ನೀವು ನೋಡಿಲ್ಲ!

ಮಾವ ಆಂಧ್ರದ ಗಡಿಯ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಗೆ ಡಿಸೈನ್ ಬರೆಯುವವರು. ಗ್ರಾಫ್ ಹಾಳೆಯ ಚೌಕಗಳನ್ನು ಒಂದೊಂದಾಗಿ ತುಂಬುತ್ತಾ ಗಿಣಿ, ನವಿಲು, ಮಾವಿನಕಾಯಿ ಎಬ್ಬಿಸುತ್ತಾರೆ. ಅದನ್ನು ನೋಡಿ ನೇಕಾರರು ನೇಯುತ್ತಾರೆ. ಮೂವತ್ತು ವರ್ಷ ಬರೆದ ಹಾಳೆಗಳಿದ್ದ ಪೆಟ್ಟಿಗೆಗೆ ಒಂದು ಮಳೆಗಾಲ ಗೆದ್ದಲು ಹಿಡಿಯಿತು. ಉಳಿದವನ್ನಾದರೂ ಫೋಟೋ ಹಿಡಿದು ಕಂಪ್ಯೂಟರಿನಲ್ಲಿ ಕಾಪಾಡಬೇಕೆಂದು ಮಾವ ಚಳ್ಳಕೆರೆಗೆ ಬಂದರು. ನಾನು ಅಲ್ಲಿ ಶಾಲೆ ಟೀಚರು. ನನ್ನ ಪಕ್ಕದ ಮನೆಯಲ್ಲಿದ್ದ ಎಣ್ಣೆ ಮಿಲ್ಲಿನ ಗುಮಾಸ್ತರ ಹಳೇ ಕಂಪ್ಯೂಟರನ್ನು ನಾನೇ ಕೊಡಿಸಿದೆ. ಅದು ನಾನು ಮಾಡಿದ ತಪ್ಪು.

ಮಾವ ಮಾನಿಟರನ್ನು ಅತ್ತೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ಕೂತರು. ಕಂಡಕ್ಟರು ಬಗ್ಗಿ ನೋಡಿ, "ಯಜಮಾನ್ರೇ, ಮಗೀಗೆ ಹುಷಾರಿಲ್ವೇನ್ರಿ?" ಅಂದ.

"ಧೂಳು ಆಗಲ್ಲಪ್ಪ ಇದಕ್ಕೆ," ಅಂದರು ಮಾವ. ಕಂಡಕ್ಟರು ಪಾಪ, ಕಿಟಕಿ ಮುಚ್ಚಿಕೊಟ್ಟು ಹೋದ!

ಮನೆಗೆ ಬಂದ ಮಾರನೇ ದಿನವೇ ಪಾಲು. ಡಿಸ್ಕನ್ನು ನಾಲ್ಕು ಭಾಗ ಮಾಡಿ, ಒಬ್ಬೊಬ್ಬರಿಗೂ ಒಂದೊಂದು ಖಾತೆ ತೆರೆದು, ಒಂದೊಂದು ಪಾಸ್‌ವರ್ಡ್ ಇಡಬೇಕೆಂದು ನನಗೆ ಅಪ್ಪಣೆಯಾಯಿತು. ಒಂದು ಪಾಲು ಮಾವನಿಗೆ, ಒಂದು ಅತ್ತೆಗೆ, ಒಂದು ಅಜ್ಜಿಗೆ. ಇನ್ನೊಂದು? ಗುಮಾಸ್ತರಿಗೆ!

ಗುಮಾಸ್ತರ ಮಗಳ ಮದುವೆ ವಿಡಿಯೋ ಅದರಲ್ಲೇ ಉಳಿದುಬಿಟ್ಟಿತ್ತು. ಆಮೇಲೆ ಬಂದು ಒಯ್ಯುತ್ತೇನೆ ಅಂದಿದ್ದ ಅವರು ಊರನ್ನೇ ಬಿಟ್ಟು ಹೋದರು. "ಅಳಿಸಿಬಿಡೋಣ ಮಾವಾ, ಜಾಗ ಆಗ್ತೈತೆ," ಅಂದೆ.

"ಹೆಣ್ಣುಮಗಳ ಮದುವೆ ಅಳಿಸ್ತಾರೇನೇ? ಬಿಡ್ತು ಅನ್ನು!" ಅಂತ ಗದರಿದರು. ನಾನು ಬಿಡ್ತು ಅಂದೆ. ಆ ಮದುವೆ ಇವತ್ತಿಗೂ ಅಲ್ಲಿ ನಡೆಯುತ್ತಲೇ ಇದೆ.

ಅಜ್ಜಿಯದು ಇನ್ನೊಂದು ಕಥೆ. ಕಣ್ಣು ಮಂಜಾಗಿದ್ದರೂ ಪಾಸ್‌ವರ್ಡ್ ನನಗೂ ಬೇಕೆಂದರು. ಏನಿಡಲಿ ಅಂದರೆ, "ನಿಮ್ಮ ತಾತನ ಹೆಸರೇ ಇಡು," ಅಂದರು. ಇಟ್ಟೆ. ಎಂದಾದರೊಂದು ದಿನ ತೆರೆಯಬೇಕಾದರೆ ಬಾಯಿಬಿಟ್ಟು ಹೇಳಬೇಕಲ್ಲ? ಗಂಡನ ಹೆಸರು ಹೇಳಿದವರಲ್ಲ ಅಜ್ಜಿ! ಹೀಗಾಗಿ ಜಗತ್ತಿನ ಅತ್ಯಂತ ಭದ್ರವಾದ ಖಾತೆ ಮೊಳಕಾಲ್ಮೂರಿನಲ್ಲಿದೆ.

ಅತ್ತೆ ಮಾತ್ರ ತಮ್ಮ ಪಾಸ್‌ವರ್ಡನ್ನು ಯಾರಿಗೂ ಹೇಳಲಿಲ್ಲ. ಒಂದೇ ಬೆರಳಲ್ಲಿ ತಾವೇ ಒತ್ತಿಕೊಂಡರು. ಮಾವ ಅತ್ತ ತಿರುಗಿ ಗೋಡೆ ನೋಡುತ್ತಾ ನಿಂತಿದ್ದರು. "ಪಾಲು ಅಂದ್ಮೇಲೆ ಪಾಲು. ಒಬ್ರ ಪಾಲಿಗೆ ಇನ್ನೊಬ್ರು ಕೈ ಹಾಕಂಗಿಲ್ಲ," ಅಂತ ಆಣೆ ಬೇರೆ ಮಾಡಿದರು.

ನಮ್ಮ ಅತ್ತೆ ಏನನ್ನೂ ಬಿಸಾಡದ ಹೆಂಗಸು. ಮಗ್ಗದ ಕೆಳಗೆ ಬಿದ್ದ ಗೇಣುದ್ದದ ರೇಷ್ಮೆ ಎಳೆಗಳನ್ನು ಕಸದಿಂದ ಆರಿಸಿ, ಗಂಟು ಹಾಕಿ, ಉಂಡೆ ಸುತ್ತಿ, ಹೂವು ಕಟ್ಟಲು ಇಟ್ಟುಕೊಳ್ಳುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂತ ಮೊದಲ ದಿನವೇ ಅವರ ಕಣ್ಣು ಎಲ್ಲಿಗೆ ಹೋಯಿತು ಅಂತೀರಿ?

"ಏಮಂಡಿ, ಇದೇನಿದು ಬುಟ್ಟಿ ಚಿತ್ರ?"

"ಕಸದ ಬುಟ್ಟಿ ಕಣೇ. ಬೇಡಾದ್ದು ಇದ್ರಾಗೆ ಹಾಕೋದು."

"ಹಾಕಿದ್ದು ಎಲ್ಲಿಗೆ ಹೋಗ್ತೈತೆ?"

"ಖಾಲಿ ಮಾಡೋಗಂಟ ಇಲ್ಲೇ ಬಿದ್ದಿರ್ತೈತೆ."

"ಹೌದಾ?" ಅಂದು ಅತ್ತೆ ಒಲೆಯ ಮೇಲಿನ ಸಾರು ನೋಡಲು ಎದ್ದುಹೋದರು. ಮುಂದಿನ ವಾರ ನನ್ನ ಹತ್ತಿರ ಒಂದು ಪೆನ್‌ಡ್ರೈವ್ ಕೇಳಿ ಪಡೆದು, ಸೊಂಟದ ಬೀಗದ ಕೈ ಗೊಂಚಲಿಗೆ ಸಿಕ್ಕಿಸಿಕೊಂಡರು. ಹಾಡು ಹಾಕಿಕೊಳ್ಳೋಕಂತೆ!

ಹೊಸ ಡಿಸೈನನ್ನೂ ಕಂಪ್ಯೂಟರಿನಲ್ಲೇ ಬರೆಯತೊಡಗಿದ ಮೇಲೆ, ವರ್ಷ ತುಂಬುವುದರೊಳಗೆ ಮಾವನ ಪಾಲು ತುಂಬಿಹೋಯಿತು. ಗುಮಾಸ್ತರದ್ದು ಮುಟ್ಟುವಂತಿಲ್ಲ. ಅಜ್ಜಿಯನ್ನು ಕೇಳಿದರೆ, "ನಾನಿರೋಗಂಟ ನನ್ನ ಪಾಲು ನಂದೇ. ಆಮೇಲೆ ಏನಾದ್ರೂ ಮಾಡ್ಕೋ," ಅಂದರು. ಅದರಲ್ಲಿ ಇದ್ದದ್ದೇನು? ಸೊನ್ನೆ! ಕೊನೆಗೆ ಮಾವ ತಮ್ಮ ಹಳೇ ಡಿಸೈನ್‌ಗಳನ್ನೇ ಅಳಿಸತೊಡಗಿದರು. ಹೊಸದೊಂದು ಬಂದರೆ ಹಳೆಯದೊಂದು ಬುಟ್ಟಿಗೆ, ಸಂಜೆಗೆ ಬುಟ್ಟಿ ಖಾಲಿ. ಮದುವೆಯಾದ ವರ್ಷ ಬರೆದಿದ್ದ ಗಿಣಿಸಾಲಿನ ಅಂಚನ್ನೂ ಒಂದು ದಿನ ಸಿಟ್ಟಿನಲ್ಲಿ ಹಾಕಿಬಿಟ್ಟರು. ಯಾರೋ ವ್ಯಾಪಾರಿ ಅದನ್ನು ನೋಡಿ, ಈ ಕಾಲದಾಗೆ ಇದನ್ನ ಯಾರು ಉಡ್ತಾರೆ ಅಂದಿದ್ದನಂತೆ. ಕಂಪ್ಯೂಟರಿಗೆ ಏರಿಸಿದ ಮೇಲೆ ಅದರ ಹಾಳೆಯನ್ನೂ ಗೆದ್ದಲು ತಿಂದು ಮುಗಿಸಿತ್ತು. ಆಮೇಲೆ ಎರಡು ದಿನ ಊಟ ಸೇರಲಿಲ್ಲ ಅವರಿಗೆ.

ಇತ್ತ ಅತ್ತೆಯ ಪಾಲು ಮಾತ್ರ ತುಂಬುತ್ತಲೇ ಇತ್ತು. ತೆರೆಯ ಮೇಲೆ ಅವರ ಹೆಸರಿನ ಕೆಳಗಿನ ನೀಲಿ ಪಟ್ಟಿ ವಾರವಾರವೂ ಒಂದಿಷ್ಟು ಮುಂದಕ್ಕೆ ಬರುತ್ತಿತ್ತು.

"ಅದೇನು ತುಂಬ್ತೀಯೇ? ಸೀರಿಯಲ್ಲಾ?" ಅಂತ ಮಾವ ಕೆಣಕುವರು.

"ನನ್ನ ಪಾಲು. ನಿಮಗ್ಯಾಕಂಡಿ?" ಅಂತ ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಗುವರು.

ಆ ನಗು ಹೋದ ಯುಗಾದಿಗೆ ಮುಂಚೆ ನಿಂತುಹೋಯಿತು. ಜ್ವರ ಅಂದರು, ಬಳ್ಳಾರಿಗೆ ಕರೆದೊಯ್ದರು, ಒಂಬತ್ತನೇ ದಿನ ಅತ್ತೆಯನ್ನು ಮನೆಗೆ ತಂದರು. ನನಗೆ ಅವ್ವನಿಗಿಂತ ಹೆಚ್ಚಾಗಿದ್ದ ಹೆಂಗಸು. ಇದನ್ನು ಬರೆಯುವಾಗಲೂ ನನಗೆ ಅಳು ಬರುತ್ತದೆ, ಬಂದರೆ ಬರಲಿ.

ಆಮೇಲೆ ಮಾವನಿಗೆ ಒಂದು ಹೊಸ ಹುಚ್ಚು ಹಿಡಿಯಿತು. ಬೆಳಿಗ್ಗೆ ಎದ್ದು ಮುಖ ತೊಳೆದು, ಕಂಪ್ಯೂಟರು ಹಾಕಿ, ಅತ್ತೆಯ ಹೆಸರಿನ ಕೆಳಗಿನ ನೀಲಿ ಪಟ್ಟಿಯನ್ನು ನೋಡುವುದು. ಡಿಸೈನ್ ಬರೆಯುವುದನ್ನು ಬಿಟ್ಟೇಬಿಟ್ಟರು. ನಾನು ಹೋದಾಗೊಮ್ಮೆ ಪಕ್ಕದಲ್ಲಿ ನಿಂತಿದ್ದೆ. ತುಂಬಾ ಹೊತ್ತು ನೋಡಿ, "ಅಷ್ಟೇ ಐತೆ," ಅಂದು ಎದ್ದರು.

ಕಳೆದ ತಿಂಗಳು ಕಂಪ್ಯೂಟರು ಒಳಗಿನಿಂದ ಕಟ ಕಟ ಅನ್ನತೊಡಗಿತು. ಮತ್ತೆ ಸೀರೆ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಚಳ್ಳಕೆರೆಗೆ ಬಂದರು. ನನಗೆ ಪರಿಚಯದ ರಿಪೇರಿಯವರೊಬ್ಬರು ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದರು. "ಡಿಸ್ಕ್ ಇವತ್ತೋ ನಾಳೆಯೋ ಅನ್ನಂಗೈತೆ. ಇರೋದನ್ನೆಲ್ಲ ಈಗ್ಲೇ ಹೊಸದಕ್ಕೆ ತಗೊಂಬಿಡೋಣ. ಈ ಒಂದು ಪಾಲಿಗೆ ಮಾತ್ರ ಪಾಸ್‌ವರ್ಡ್ ಬೇಕ್ರಿ."

"ಅದು ಆಕೆದು. ಗೊತ್ತಿಲ್ಲ," ಅಂದರು ಮಾವ.

"ಗೊತ್ತಿಲ್ದಿದ್ರೂ ಆಗ್ತೈತೆ. ಅಡ್ಮಿನ್ ನೀವೇ ಅಲ್ವೇನ್ರಿ? ನೀವು ಯಾವಾಗ ಬೇಕಿದ್ರೂ ತೆಗೀಬೋದಿತ್ತು."

ನನಗೆ ಆಶ್ಚರ್ಯವಾಯಿತು. "ಇದು ನಿಮಗೆ ಗೊತ್ತಿತ್ತಾ ಮಾವಾ?"

"ಗೊತ್ತಿತ್ತು. ಯಜಮಾನ ಅಂತ ಹೆಂಡ್ತಿ ಟ್ರಂಕಿಗೆ ಕೈ ಹಾಕಾಕಾಗ್ತೈತೇನೇ?"

ದಾಟಲಾಗದೆ ಹೊಳೆಯ ದಡದಲ್ಲಿ ಉಳಿದವರ ಹಾಗೆ ಮಾವ ಕೂತಿದ್ದರು. ಮುಟ್ಟಿದರೆ ಆಣೆ ಹೋಗುತ್ತದೆ, ಮುಟ್ಟದಿದ್ದರೆ ಅತ್ತೆ ಕೂಡಿಟ್ಟದ್ದೇ ಹೋಗುತ್ತದೆ. ಕೊನೆಗೆ, "ನೀನು ನೋಡು ಅಮ್ಮಾಯಿ. ನಿನ್ನ ಮುಂದೆ ಆಕೆಗೇನೂ ಮುಚ್ಚುಮರೆ ಇರಲಿಲ್ಲ," ಅಂದು ಹೊರಗೆ ಹೋಗಿ, ಅಂಗಡಿಯ ಮೆಟ್ಟಿಲ ಮೇಲೆ ರಸ್ತೆಗೆ ಮುಖ ಮಾಡಿ ಕೂತರು.

ರಿಪೇರಿಯವರು ತೆರೆದರು. ಸೀರಿಯಲ್ ಇರಲಿಲ್ಲ. ಹಾಡೂ ಇರಲಿಲ್ಲ. ಇದ್ದದ್ದು ನವಿಲುಗಳು, ಮಾವಿನಕಾಯಿಗಳು, ಮೊಗ್ಗುಗಳು! ಮಾವ ಬುಟ್ಟಿಗೆ ಹಾಕಿದ ಒಂದೊಂದು ಡಿಸೈನೂ ಅಲ್ಲಿತ್ತು. ಖಾತೆ ಮುಚ್ಚದೆ ಮಾವ ಊಟಕ್ಕೆ ಏಳುತ್ತಿದ್ದರಲ್ಲ, ಆಗ ಪೆನ್‌ಡ್ರೈವಿಗೆ ಎತ್ತಿಕೊಂಡು, ಆಮೇಲೆ ತಮ್ಮ ಪಾಲಿಗೆ ದಾಟಿಸಿಕೊಂಡಿದ್ದಾರೆ. ಒಂದೊಂದಕ್ಕೂ ಒಂದು ಹೆಸರು ಬೇರೆ: 'ಚೆನ್ನಾಗೈತೆ', 'ಇದೂ ಚೆನ್ನಾಗೈತೆ', 'ಬಾಲ ಸರಿಯಿಲ್ಲ, ಇರ್ಲಿ'. ಕೊನೆಗೆ ಗಿಣಿಸಾಲು. ಅದರ ಹೆಸರು 'ಸಿಟ್ಟಲ್ಲಿ ಹಾಕಿದ್ದು'.

ಮಾವನನ್ನು ಕೂಗಿದೆ. ಬಂದು, ಕನ್ನಡಕ ಸರಿಮಾಡಿಕೊಂಡು, ಒಂದೊಂದನ್ನೇ ನೋಡಿದರು. ಗಿಣಿಗಳ ಹತ್ತಿರ ಬಂದಾಗ ಕನ್ನಡಕ ತೆಗೆದುಬಿಟ್ಟರು.

"ನಾನು ಸೀರಿಯಲ್ಲು ಅಂತಿದ್ನಲ್ಲೇ," ಅಂದರು. "ಇರೋಗಂಟ ಅದನ್ನೇ ಅಂದು ಆಡ್ಕೊಂಡ್ನಲ್ಲೇ!" ಅಂಗಡಿಯಲ್ಲಿ ಜನ ಇದ್ದಾರೆಂದೂ ನೋಡದೆ ಅತ್ತುಬಿಟ್ಟರು. ರಿಪೇರಿಯವರು ಎದ್ದು ಫ್ಯಾನಿನ ಸ್ವಿಚ್ಚು ಹುಡುಕುತ್ತಾ ನಿಂತರು.

ಹೊಸ ಡಿಸ್ಕಿನಲ್ಲೂ ನಾಲ್ಕು ಪಾಲು ಮಾಡಿಸಿದರು, ಬಿಡಲಿಲ್ಲ. ಜಾಗ ಈಗ ಬೇಕಾದಷ್ಟಿದೆ. ಯಾವುದನ್ನೂ ಅಳಿಸುವ ಅಗತ್ಯವಿಲ್ಲ.

ಮೊನ್ನೆ ಭಾನುವಾರ ಮೊಳಕಾಲ್ಮೂರಿಗೆ ಹೋಗಿದ್ದೆ. ಮಾವ ಮತ್ತೆ ಕಂಪ್ಯೂಟರಿನ ಮುಂದೆ ಕೂತು ಬರೆಯುತ್ತಿದ್ದರು. ಒಂದು ಹೊಸ ಗಿಣಿ, ಕೊಕ್ಕಿನಲ್ಲಿ ಎಳೆಯೊಂದನ್ನು ಕಚ್ಚಿಕೊಂಡದ್ದು, ಬಹಳ ಚೆಂದವಾಗಿ ಬಂದಿತ್ತು. ನಾನು ನೋಡುತ್ತಿದ್ದಂತೆಯೇ ಅದನ್ನು ಕಸದ ಬುಟ್ಟಿಗೆ ಹಾಕಿದರು.

"ಅಯ್ಯೋ ಮಾವಾ! ಚೆನ್ನಾಗೈತಲ್ಲ, ಯಾಕೆ ಹಾಕಿದ್ರಿ?"

"ಚೆನ್ನಾಗೈತೆ ಅಂತಾನೇ ಹಾಕ್ದೆ," ಅಂದರು ಮಾವ. "ಬುಟ್ಟಿಗೆ ಹಾಕಿದ್ರೆ ತಾನೇ ಆಕೆ ಎತ್ಕೊಳ್ಳೋದು?"