ಸೀಟಿ ಊದದ ಪೆನಾಲ್ಟಿ

ಕೆಲವರ ಬದುಕಿನಲ್ಲಿ ನಗುವಂಥದ್ದು ಹುಡುಕಿದರೂ ಸಿಗುವುದಿಲ್ಲ. ನಮ್ಮ ಸೆಂಟರ್ ಫಾರ್ವರ್ಡ್ ಮೈದಾನಕ್ಕೆ ಕಾಲಿಟ್ಟರೆ ಮಾತ್ರ ಏನಾದರೊಂದು ನಡೆದೇ ತೀರುತ್ತಿತ್ತು. ನಿಜಾಮರ ಕಾಲದಲ್ಲಿ ಬೀದರ್ ಫುಟ್‌ಬಾಲ್ ತಂಡಕ್ಕೆ ಗೋಲು ಹೊಡೆಯುವವನು ಅವನೇ, ಅದೂ ಬರಿಗಾಲಲ್ಲಿ. ಎಡಗಡೆ ಓಡುತ್ತ ಅವನಿಗೆ ಚೆಂಡು ಕೊಡುವುದು ನನ್ನ ಕೆಲಸ. ಕೊಟ್ಟ ಮೇಲೆ ನಾನೂ ಜನರಂತೆ ಬಾಯಿ ತೆರೆದು ನಿಂತುಬಿಡುತ್ತಿದ್ದೆ. ಆ ಕಾಲು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

೧. ಕುಂಟು ಮರಿ

ಹಲಬರ್ಗಾದ ಕುರಿ ಕಾಯುವ ಮುದುಕನೊಬ್ಬ ಆಟ ನೋಡಿ ಹೋದವನು, ಎರಡು ದಿನ ಬಿಟ್ಟು ಕುಂಟುವ ಮರಿಯೊಂದನ್ನು ಹೆಗಲ ಮೇಲೆ ಹೊತ್ತು ತಂದ.

"ಇದಕ್ಕ ನಿಮ್ಮ ಕಾಲು ಒಂದೀಟು ಮುಟ್ಟಸ್ರಿ."

ಫಾರ್ವರ್ಡ್ ನಾಚಿಕೊಂಡ. ಆದರೂ ಮುದುಕನ ಮನಸ್ಸು ಮುರಿಯಬಾರದೆಂದು ಮುಟ್ಟಿಸಿದ. ಎಂಟು ದಿನಕ್ಕೆ ಮುದುಕ ಮತ್ತೆ ಬಂದ. ಈ ಸಲ ಅವನೇ ಕುಂಟುತ್ತಿದ್ದ.

"ಮರಿ ಆರಾಮ ಆತೇನ್ರಿ?"

"ಆಗ್ಯಾದ್ರಿ. ಅದರ ಬೆನ್ನ ಹತ್ತಿ ಓಡೇ ನನ್ನ ಕಾಲು ಹೋಗ್ಯಾವ. ಈಗ ನನಗ ಮುಟ್ಟಸ್ರಿ."

೨. ಇಬ್ಬರೇ ಉಳಿದ ಪಂದ್ಯ

ಎಲ್ಲರಿಗೂ ಗೋಲು ಹೊಡೆದವನಿಗೆ ಭಾಲ್ಕಿಯ ಗೋಲ್‌ಕೀಪರ್ ಒಬ್ಬ ಮಾತ್ರ ಬಗ್ಗಿರಲಿಲ್ಲ. ನಿಜಾಮರ ಮೇಲೆ ಭಾರತದ ಸೈನ್ಯ ಬರುವ ಪೊಲೀಸ್ ಆಕ್ಷನ್ ಹತ್ತಿರವಾಗಿದ್ದ ದಿನಗಳು, ಊರೆಲ್ಲ ಗುಸುಗುಸು. ಆದರೂ ಭಾಲ್ಕಿಯವರ ಜೊತೆ ಪಂದ್ಯ ನಡೆಯಿತು. ಕೊನೆಗೆ ನಮಗೊಂದು ಪೆನಾಲ್ಟಿ ಸಿಕ್ಕಿತು. ಫಾರ್ವರ್ಡ್ ಚೆಂಡಿಟ್ಟ, ಕೀಪರ್ ಗೆರೆಯ ಮೇಲೆ ನಿಂತ. ರೆಫರಿ ಸೀಟಿ ಬಾಯಿಗಿಡಬೇಕು, ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಗುಡುಗಿತು.

ಜನ ಓಡಿದರು, ಎರಡೂ ತಂಡ ಓಡಿದವು, ಸೀಟಿ ಸಮೇತ ರೆಫರಿಯೂ ಓಡಿದ. ನಾನು ಚರಂಡಿಗೆ ಹಾರಿದೆ. ತಲೆ ಎತ್ತಿ ನೋಡಿದರೆ ಅವರಿಬ್ಬರೂ ನಿಂತಲ್ಲೇ ನಿಂತಿದ್ದರು.

"ಓಡ್ರಿ ಭಾಯ್‌ಸಾಬ," ಎಂದ ಫಾರ್ವರ್ಡ್.

"ನೀವು ಹೊಡೀತನಕ ಕೀಪರ್ ಗೆರಿ ಬಿಟ್ಟು ಅಲಗಾಡಂಗಿಲ್ಲರಿ, ಕಾಯ್ದಿ ಅದ. ಹೊಡೀರಿ."

"ಸೀಟಿ ಇಲ್ದ ಹ್ಯಾಂಗ ಹೊಡೀಲಿ? ಅದೂ ಕಾಯ್ದಿನೇ."

ಅಂಥ ಧೈರ್ಯ ನಾನು ಮತ್ತೆಲ್ಲೂ ಕಂಡಿಲ್ಲ. ಅಂಥ ಹುಚ್ಚೂ ಕಂಡಿಲ್ಲ. "ಉಳದ್ರ ಆಮ್ಯಾಲ ಹೊಡೀರಪ್ಪೋ" ಎಂದು ನಾನು ಚರಂಡಿಯಿಂದಲೇ ಕೈಮುಗಿದ ಮೇಲೆ ಇಬ್ಬರೂ ಒಪ್ಪಿ, ಕೈಕುಲುಕಿ ಹೋದರು.

೩. ಔರಾದಿನಲ್ಲಿ

ಆಮೇಲಿನ ದಿನಗಳಲ್ಲಿ ನಗಲು ಏನೂ ಇರಲಿಲ್ಲ. ಗಲಭೆಯಲ್ಲಿ ಎಷ್ಟೋ ಮನೆಗಳ ಬಾಗಿಲು ಮುಚ್ಚಿದವು. ಕೀಪರ್ ಇದ್ದಾನೋ ಇಲ್ಲವೋ ಎಂಬುದೂ ತಿಳಿಯಲಿಲ್ಲ. ಫಾರ್ವರ್ಡ್ ಹೈದರಾಬಾದಿಗೆ ಹೋಗಿ ಹೆಸರು ಮಾಡಿದ. ಆದರೆ ಭಾಲ್ಕಿ ಕಡೆಯವರು ಯಾರೇ ಸಿಗಲಿ, ಮೊದಲು ಕೇಳುತ್ತಿದ್ದದ್ದು ಆ ಮನುಷ್ಯನನ್ನೇ. ಸುದ್ದಿ ಸಿಗದಿದ್ದರೆ ಅವತ್ತು ಊಟ ಸೇರುತ್ತಿರಲಿಲ್ಲ.

ಎಷ್ಟೋ ವರ್ಷಗಳಾಗಿ ಮೊಣಕಾಲು ಸೋತ ಮೇಲೆ ಫಾರ್ವರ್ಡ್ ಔರಾದಿಗೆ ಬಂದು ಸಾಲೆಯ ಮಕ್ಕಳಿಗೆ ಆಟ ಕಲಿಸುತ್ತಿದ್ದ. ಒಂದು ಮಧ್ಯಾಹ್ನ ನಾವಿಬ್ಬರೂ ಮೈದಾನದಲ್ಲಿದ್ದಾಗ, ಚಹಾಕ್ಕೆಂದು ಪಕ್ಕದಲ್ಲೇ ನಿಂತ ಬಸ್ಸಿನಿಂದ ಬಿಳಿ ಗಡ್ಡದವರೊಬ್ಬರು ಇಳಿದು ಬಂದರು. ಫಾರ್ವರ್ಡ್ ಅವರ ಎರಡೂ ಕೈ ಹಿಡಿದುಕೊಂಡ.

"ಇದ್ದೀರಾ?" ಎಂದ.

"ನೀವು ಹೊಡೀತನಕ ಅಲಗಾಡಂಗಿಲ್ಲ ಅಂದಿದ್ದೆನಲ್ಲರಿ," ಎಂದರು ಕೀಪರ್, ನೇರ ಹೋಗಿ ಗೆರೆಯ ಮೇಲೆ ನಿಂತರು. "ಬಸ್ಸು ಹೊಂಡೋದ್ರಾಗ ಮುಗಸ್ರಿ."

ಸೀಟಿ ಬೇಕಲ್ಲ? ನಾನು ಓಡಿ ಹೋಗಿ ಚಹಾ ಕುಡಿಯುತ್ತಿದ್ದ ಕಂಡಕ್ಟರನನ್ನೇ ಎಳೆದು ತಂದೆ. ಅವನು ಪಾಪ, ಎದೆ ತುಂಬ ಉಸಿರೆಳೆದು ಊದಿದ.

ಬಸ್ಸಿನಲ್ಲೇ ಕೂತಿದ್ದ ಡ್ರೈವರ್ ಸೀಟಿ ಕೇಳಿದ್ದೇ ಬಸ್ಸು ಬಿಟ್ಟ. ಕಂಡಕ್ಟರ್ ಕೂಗುತ್ತ ಹಿಂದೆ ಓಡಿದ, ಚಹಾ ಕುಡಿಯುತ್ತಿದ್ದವರೆಲ್ಲ ಅವನ ಹಿಂದೆ ಓಡಿದರು. ಮತ್ತೆ ಆ ಇಬ್ಬರು ಮಾತ್ರ ನಿಂತಲ್ಲೇ ನಿಂತಿದ್ದರು. ಫಾರ್ವರ್ಡ್ ಚಪ್ಪಲಿ ಬಿಟ್ಟು ಹೊಡೆದ. ಕೀಪರ್ ಎಡಕ್ಕೆ ಬಾಗುವಷ್ಟರಲ್ಲಿ ಚೆಂಡು ಬಲಕ್ಕೆ ಒಳಗೆ ಹೋಗಿತ್ತು. ನಾನು ಕುಣಿದೆ. ಫಾರ್ವರ್ಡ್ ಅತ್ತೇ ಬಿಟ್ಟ.

ಕೀಪರ್ ಬಟ್ಟೆ ಝಾಡಿಸಿಕೊಂಡು, ದೂರದಲ್ಲಿ ಏಳುತ್ತಿದ್ದ ಧೂಳು ತೋರಿಸಿದರು.

"ಗೋಲು ನಡ್ಯಂಗಿಲ್ಲರಿ. ಆ ಸೀಟಿ ಊದಿದ್ದು ಬಸ್ಸಿಗಿ. ನೋಡ್ರಿ, ಹೋಗೇ ಬಿಟ್ಟದ."

ಫಾರ್ವರ್ಡ್ ಕಣ್ಣೊರೆಸಿಕೊಂಡು ಚೆಂಡು ಎತ್ತಿಕೊಂಡ.

"ಹಂಗಾರ ಮನಿಗಿ ನಡೀರಿ, ಊಟ ಮಾಡೋಣ. ಮತ್ತ ಯಾವಾಗ ಬರ್ತೀರಿ ಹೇಳ್ರಿ."