ಹಸಿರು ಗುರುತಿನ ಬ್ಯಾಕಪ್ ಮಹಾಶಯರಿಗೆ, ಅಳತೆಗಳ ವಿಷಯವಾಗಿ

ಮಾನ್ಯ ಬ್ಯಾಕಪ್ ಮಹಾಶಯರೇ,

ನಮ್ಮ ಚಿಕ್ಕಮ್ಮನ ಹೊಲಿಗೆ ಅಂಗಡಿಯ ಕಂಪ್ಯೂಟರಿನಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ ತಮಗೆ ಸಾದರ ನಮಸ್ಕಾರಗಳು. ಬಹುಕಾಲ ಮುಚ್ಚಿಟ್ಟುಕೊಂಡಿದ್ದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನನಗೆ ತಮ್ಮ ಮೇಲೆ ಹೊಟ್ಟೆಕಿಚ್ಚು. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಡುವವರೆಗೂ ಒಂದು ಸರಿ ಗುರುತಿಗಾಗಿ ನಾನು ಮೇಷ್ಟ್ರ ಮುಖ ನೋಡುತ್ತಿದ್ದೆ. ತಾವಾದರೋ ದಿನಾ ಮಧ್ಯಾಹ್ನ ಅಳತೆಗಳ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ತಮಗೆ ತಾವೇ ಹಸಿರು ಸರಿ ಗುರುತು ಹಾಕಿಕೊಂಡು, 'ಯಶಸ್ವಿ' ಎಂದು ಬರೆದುಕೊಳ್ಳುತ್ತೀರಿ.

ಆ ಫೈಲಿನಲ್ಲಿ ಏನಿದೆಯೆಂದು ತಾವು ವಿಚಾರಿಸಿದಂತಿಲ್ಲ. ಚಿಕ್ಕಮ್ಮನ ಕಣ್ಣು ಮಂಜಾದ ಮೇಲೆ ಗಿರಾಕಿಗಳ ಭುಜ, ಎದೆ, ಸೊಂಟ ಎಲ್ಲವೂ ಅದರಲ್ಲೇ ಇವೆ. ಡಿಸ್ಕು ಈಗಾಗಲೇ ಗೊರಗೊರ ಎನ್ನುತ್ತಿದೆ. ಅದು ನಿಂತ ದಿನ ಅಂಗಡಿಗೆ ತಮ್ಮ ನಕಲೇ ಗತಿಯಾದ್ದರಿಂದ, ನಾನು ಊರು ಬಿಡುವ ಮುನ್ನ ಆ ನಕಲನ್ನು ಭಾವನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ. ಏನು ಕೈಚಳಕ! ಬ್ಯಾಂಕ್ ಮ್ಯಾನೇಜರರ ಸೊಂಟದ ಮೇಲೆ ನರ್ಸಮ್ಮನ ಭುಜ ಕೂತಿತ್ತು. ಅಂದು ಬೆಳಿಗ್ಗೆ ಅಳತೆ ಕೊಟ್ಟವರು ತಮ್ಮ ನಕಲಿನಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ.

ಇದೆಲ್ಲ ತಮ್ಮ ಶ್ರದ್ಧೆಯ ಫಲ. ತಾವು ಫೈಲನ್ನು ಮೇಲಿಂದ ಕೆಳಗೆ ಓದುತ್ತ ಬರುವಾಗ ಚಿಕ್ಕಮ್ಮ ಅಳತೆ ಕೂಗುತ್ತಲೇ ಇದ್ದರು, ನಾನು ತುಂಬುತ್ತಲೇ ಇದ್ದೆ; ಹೀಗಾಗಿ ನಕಲಿನ ತಲೆ ಹಳೆಯದು, ಕಾಲು ಹೊಸದು. ಇನ್ನು, ಹೊಸ ಅಳತೆಗಳು ದೊಡ್ಡ ಫೈಲು ಸೇರುವ ಮುನ್ನ ಪಕ್ಕದ ಸಣ್ಣ ಫೈಲಿನಲ್ಲಿ ಕಾದಿರುತ್ತವೆ. ಗಂಟು ಹೊತ್ತುಕೊಂಡು ಮಗುವನ್ನು ಬಸ್ ನಿಲ್ದಾಣದಲ್ಲೇ ಬಿಟ್ಟು ಬರುವ ನೆಂಟರಂತೆ ತಾವು ಅದನ್ನು ಅಲ್ಲೇ ಬಿಟ್ಟಿರಿ.

ತಮ್ಮ ಅನುಕೂಲಕ್ಕಾಗಿ ಕೆಲಸ ಕೊಂಚ ನಿಲ್ಲಿಸೋಣವೆಂದರೆ ಚಿಕ್ಕಮ್ಮ, "ನಿಲ್ಸೋದಾ? ಗಿರಾಕಿ ಹೊಟ್ಟೆ ಬೆಳೆಯೋದು ನಿಲ್ಲುತ್ತೇನೇ, ಹುಚ್ಚಿ?" ಎಂದರು. ಆದ್ದರಿಂದ ತಾವೇ ದಯವಿಟ್ಟು ಊರಿಗೊಂದು ಆಜ್ಞೆ ಹೊರಡಿಸಿ, ಮಧ್ಯಾಹ್ನ ಯಾರೂ ದಪ್ಪವಾಗದಂತೆ, ಮಕ್ಕಳು ಉದ್ದವಾಗದಂತೆ, ಚಿಕ್ಕಮ್ಮ ಬಾಯಿ ತೆರೆಯದಂತೆ ನೋಡಿಕೊಳ್ಳಬೇಕಾಗಿ ವಿನಂತಿ.

ಅಲ್ಲಿಯವರೆಗೆ ತಮಗೆ ವಿಶ್ರಾಂತಿ. ಅಳತೆಗಳನ್ನು ಕಾಯುವ ಸಾಫ್ಟ್‌ವೇರಿನಲ್ಲೇ ಬ್ಯಾಕಪ್ಪಿನ ಆದೇಶವೊಂದಿರುವುದನ್ನು ಭಾವ ಹುಡುಕಿಕೊಟ್ಟರು. ಕೆಲಸ ನಡೆಯುತ್ತಿರುವಾಗಲೇ ಅದು ಒಂದೇ ಗಳಿಗೆಯ ಪೂರ್ತಿ ನಕಲು ತೆಗೆದುಕೊಡುತ್ತದೆ. ಆದರೂ ಆಗಾಗ ನಕಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ಕೊನೆಯ ಗಿರಾಕಿ ಇದ್ದಾರೆಯೇ ನೋಡಬೇಕೆಂದು ಚಿಕ್ಕಮ್ಮನಿಗೆ ಅಂಜುತ್ತಲೇ ಹೇಳಿದೆ. "ಅದಕ್ಯಾಕೆ ಇಷ್ಟು ಪೀಠಿಕೆ? ತೊಡಿಸಿ ನೋಡ್ದೆ ಯಾವತ್ತಾದ್ರೂ ಬಟ್ಟೆ ಕೊಟ್ಟಿದ್ದೀನಾ?" ಎಂದು ಭೂತಗನ್ನಡಿ ಒರೆಸಿಕೊಂಡು ಕೂತರು. ನರ್ಸಮ್ಮನ ಭುಜ ನರ್ಸಮ್ಮನಿಗೇ ಮರಳಿರುವುದನ್ನು ಇವತ್ತು ಚಿಕ್ಕಮ್ಮನೇ ಓದಿದರು.

ಹಸಿರು ಗುರುತೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ತಮ್ಮ ವಿಶ್ವಾಸಿ,
ಅಳತೆ ಬರೆಯುವವಳು

ಪತ್ರದ ಬಾಲ: ತಮ್ಮನ್ನು ಅಳಿಸಬಾರದೆಂದು ಚಿಕ್ಕಮ್ಮನ ಅಪ್ಪಣೆ; ಗುರುತಿನ ಬಣ್ಣ ಚೆನ್ನಾಗಿದೆಯಂತೆ. ನಾನು ಲಿಫ್ಟ್ ರಿಪೇರಿ ಕಲಿಯಲು ಹೋಗುತ್ತಿದ್ದೇನೆ. ಅಲ್ಲಿ ಎರಡು ಮಹಡಿಗಳ ನಡುವೆ ನಿಂತದ್ದಕ್ಕೆ ಯಾರೂ 'ಯಶಸ್ವಿ' ಎನ್ನುವುದಿಲ್ಲವಂತೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.