ಟಿಬಿಟ್ಸ್ ತಲೆ ಆಡಿಸಿದ್ದು

ಆ ಒಣ ಬನ್ನನ್ನು ಹೊರೇಸ್ ಟಿಬಿಟ್ಸ್ ನಿಧಾನವಾಗಿ ಅಗಿದು ತಿಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕಚೇರಿಗೆ ಹೊತ್ತಾಗಿತ್ತು. ಟ್ರಾಮಿನಿಂದ ಇಳಿಯುತ್ತಲೇ ಇಡೀ ಬನ್ನನ್ನು ಬಾಯಿಗೆ ತುರುಕಿಕೊಂಡ. ಮೆಟ್ಟಿಲು ಹತ್ತುವಷ್ಟರಲ್ಲಿ ಬಿಕ್ಕಳಿಕೆ ಶುರುವಾಯಿತು.

೧೯೧೪ರ ಜುಲೈ. ಯುರೋಪಿನಲ್ಲಿ ಯುದ್ಧ ಇಂದು ಬಂತು, ನಾಳೆ ಬಂತು ಎನ್ನುವ ಹಾಗಿತ್ತು. ಟಿಬಿಟ್ಸ್ ಗುಮಾಸ್ತನಾಗಿದ್ದದ್ದು ಲಂಡನ್ನಿನಲ್ಲಿ, ಪರದೇಶಗಳ ಪತ್ರಗಳಿಗೆ ಉತ್ತರ ಬರೆಯುವ ಒಂದು ಸರ್ಕಾರಿ ಕಚೇರಿಯಲ್ಲಿ. ಹೌದೋ ಅಲ್ಲವೋ ಯಾರಿಗೂ ತಿಳಿಯದಂತೆ ನಾಲ್ಕು ಪುಟ ಬರೆಯುವುದರಲ್ಲಿ ಆ ಕಚೇರಿಯನ್ನು ಮೀರಿಸುವವರಿರಲಿಲ್ಲ.

ಮೇಲಧಿಕಾರಿ ಸರ್ ಲಯನೆಲ್ ಕ್ರಾಫ್ಟನ್ ಅವನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

"ನೋಡು ಟಿಬಿಟ್ಸ್, ವೆಲ್ದಾವಿಯ ದೇಶದ ಹೊಸ ರಾಯಭಾರಿ ಬಂದು ಕೂತಿದಾನೆ. ಪಕ್ಕದ ದೇಶದವರು ಅವರ ಗಡಿಗೆ ಫಿರಂಗಿ ತಂದು ನಿಲ್ಲಿಸಿದಾರಂತೆ. ನಾವು ಸಹಾಯಕ್ಕೆ ಬರ್ತೀವೋ ಇಲ್ವೋ, ಇವತ್ತೇ ಗೊತ್ತಾಗ್ಬೇಕಂತೆ. ನಾನು ಊರಲ್ಲಿಲ್ಲ."

"ಇಲ್ಲೇ ಇದೀರಲ್ಲ... ಹಿಕ್... ಸಾರ್?"

"ಇಲ್ಲ ಅಂದ್ನಲ್ಲಯ್ಯ! ಹೋಗಿ ಟೀ ಕೊಟ್ಟು ಎದುರಿಗೆ ಕೂತಿರು. ಬಾಯಿ ಮಾತ್ರ ಬಿಡ್ಬೇಡ."

ರಾಯಭಾರಿ ತ್ರಿಫೋನ್ ದ್ರಾಗನಿಚ್ ಲಂಡನ್ನಿಗೆ ಬಂದು ಮೂರೇ ದಿನವಾಗಿತ್ತು. ಎರಡು ಅಳಿಲುಗಳು ಬಾಲ ಚಾಚಿ ಮಲಗಿದಂಥ ಮೀಸೆ. ಬರುತ್ತಿದ್ದ ಇಂಗ್ಲಿಷು ಮಾತ್ರ ಬೆರಳಲ್ಲಿ ಎಣಿಸುವಷ್ಟು.

"ಶತ್ರು ಬಂದರೆ... ನಿಮ್ಮ ಸೈನ್ಯ... ಬರುತ್ತಾ?" ಎಂದು ಕೇಳಿದ.

ಟಿಬಿಟ್ಸ್ ತುಟಿ ಬಿಗಿದು ಕೂತ. ಬಾಯಿಯ ದಾರಿ ಮುಚ್ಚಿದ್ದರಿಂದ ಬಿಕ್ಕಳಿಕೆ ನೇರ ತಲೆಗೇರಿತು. ತಲೆ ಮೇಲೆ ಕೆಳಗೆ ಮೂರು ಸಲ ಜೋರಾಗಿ ಕುಣಿಯಿತು. ರಾಯಭಾರಿಯ ಕಣ್ಣು ತುಂಬಿ ಬಂತು. ಎದ್ದು ಟಿಬಿಟ್ಸನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, ಟೀ ಮುಟ್ಟದೆ ಹೊರಟುಹೋದ.

ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಸಹೋದ್ಯೋಗಿ ಪೆಂಡಲ್ ಒಳಗೆ ನುಗ್ಗಿದ. "ಹೂಂ ಅಂದ್ಬಿಟ್ಯಲ್ಲೋ ಮಹರಾಯ! ಪಾಪ, ಆ ಮನುಷ್ಯ ಖುಷಿಗೆ ಅತ್ತೇಬಿಟ್ಟ!"

"ಅದು ಬಿಕ್ಕಳಿ... ಹಿಕ್!"

"ಮೊದಲು ಅದನ್ನ ನಿಲ್ಸಿ," ಎಂದು ಬೆರಳಚ್ಚಿನ ಮಿಸ್ ಹಾಬ್ ಅವನನ್ನು ಬಗ್ಗಿಸಿ, ಹೂದಾನಿಯ ನೀರು ಕುಡಿಸಿದಳು. ಪೆಂಡಲ್ ಉಳಿದ ನೀರನ್ನು ಅವನ ಕಾಲರಿನೊಳಗೆ ಸುರಿದ. ಅಷ್ಟರಲ್ಲಿ ಸುದ್ದಿ ಕಿವಿಗೆ ಬಿದ್ದು, ಊರಲ್ಲಿಲ್ಲದ ಸರ್ ಲಯನೆಲ್ ಓಡಿ ಬಂದರು.

"ಯುದ್ಧಕ್ಕೆ ಹೋಗ್ತೀವೋ ಇಲ್ವೋ ಅಂತ ಮಂತ್ರಿಗಳಿಗೇ ಗೊತ್ತಿಲ್ಲ, ನಿನಗೆ ಗೊತ್ತಾಗ್ಹೋಯ್ತಾ?"

ಆ ಗರ್ಜನೆಗೆ ಬಿಕ್ಕಳಿಕೆ ಪಕ್ಕನೆ ನಿಂತಿತು.

"ತಪ್ಪಾಯ್ತು ಅಂತ ಒಂದು ಕಾಗದ ಬರೆದುಕೊಡ್ಲಾ ಸಾರ್?"

"ಕಾಗದ ಬರೆದ್ರೆ ನಾಳೆ ಯಾರಾದ್ರೂ ಓದ್ತಾರೆ, ಪೆದ್ದ! ತಲೆಯಲ್ಲಿ ಕೊಟ್ಟ ಮಾತನ್ನ ತಲೆಯಲ್ಲೇ ವಾಪಸ್ ತಗೋ. ನಡಿ!"

ಕುದುರೆ ಗಾಡಿ ರಾಯಭಾರಿಯ ಮನೆ ಮುಂದೆ ನಿಂತಿತು. ಸರ್ ಲಯನೆಲ್ ಟೋಪಿಯಿಂದ ಮುಖ ಮುಚ್ಚಿಕೊಂಡು ಗಾಡಿಯಲ್ಲೇ ಉಳಿದರು. ಒಳಗೆ ದ್ರಾಗನಿಚ್ ಅರ್ಧ ತುಂಬಿದ ಪೆಟ್ಟಿಗೆಗಳ ನಡುವೆ ಕೂತಿದ್ದ. ಟಿಬಿಟ್ಸ್ ಅವನೆದುರು ಹೋಗಿ ನಿಂತ. ಪಾಪದವನ ಆಸೆಗೆ ಕಲ್ಲು ಹಾಕಬೇಕಲ್ಲ! ಆದರೂ ಕಣ್ಣು ಮುಚ್ಚಿಕೊಂಡು, ನೆನೆದ ನಾಯಿ ಮೈ ಕೊಡವುವಂತೆ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದ.

ರಾಯಭಾರಿ ಹಾರಿ ಬಂದು ಅವನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟ. ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ಎತ್ತಿ ಎತ್ತಿ ಎಸೆದು ಕುಣಿಯತೊಡಗಿದ. ಹಾಡು ಬೀದಿಗೆ ಕೇಳಿಸಿ ಸರ್ ಲಯನೆಲ್ ಒಳಗೆ ಧಾವಿಸಿದರು.

"ಏನಾಯ್ತು?"

ರಾಯಭಾರಿಯ ಇಂಗ್ಲಿಷು ಬಲ್ಲ ಕಾರ್ಯದರ್ಶಿ ಅವರ ಕೈಗೂ ಒಂದು ಗ್ಲಾಸು ಕೊಟ್ಟ. "ಬೆಳಿಗ್ಗೆ ಇವರು ತಲೆ ಮೇಲೆ ಕೆಳಗೆ ಮಾಡಿ ಆಗಲ್ಲ ಅಂದ್ಬಿಟ್ಟಿದ್ರು. ಸಾಹೇಬರು ಅಳ್ತಾ ಊರಿಗೆ ಹೊರಟಿದ್ರು. ಈಗ ನೋಡಿ, ಮನೆವರೆಗೂ ಬಂದು ಪಕ್ಕಕ್ಕೆ ಆಡಿಸಿ ಹೌದು ಅಂದ್ರು! ನಮ್ಮ ದೇಶದ ಪದ್ಧತಿ ಎಷ್ಟು ಚೆನ್ನಾಗಿ ಕಲಿತಿದಾರೆ! ನಮ್ಮ ರಾಜರಿಗೆ ತಂತಿ ಕಳಿಸೋಕೆ ಆಗಲೇ ಆಳು ಹೋದ."

ಟಿಬಿಟ್ಸ್ ಪೆಟ್ಟಿಗೆಯ ಮೇಲೆ ಕುಸಿದ. ಸರ್ ಲಯನೆಲ್ ಒಂದು ಗಳಿಗೆ ಬಿಳುಚಿಕೊಂಡರು. ಆಮೇಲೆ ಮೂವತ್ತು ವರ್ಷದ ಅನುಭವ ಕೈಹಿಡಿಯಿತು. ಗ್ಲಾಸು ಎತ್ತಿ ನಕ್ಕರು.

"ಬ್ರಿಟನ್ ಕೊಟ್ಟ ಮಾತಿಗೆ ತಪ್ಪಲ್ಲ. ಸಹಾಯ ಸೋಮವಾರದ ರೈಲಿಗೇ ಹೊರಡುತ್ತೆ."

"ಎಷ್ಟು ಸಾವಿರ ಸೈನಿಕರು?" ಎಂದ ಕಾರ್ಯದರ್ಶಿ.

"ಎಷ್ಟು ಅಂತ ನಾವು ಹೇಳಿಲ್ಲವಲ್ಲ," ಎಂದು ಸರ್ ಲಯನೆಲ್ ಟಿಬಿಟ್ಸನ ಬೆನ್ನು ತಟ್ಟಿದರು. "ಇವರೇ ಬರ್ತಾರೆ. ಗಡಿಯಲ್ಲೇ ಇರ್ತಾರೆ, ಫಿರಂಗಿಗಳಿಗೆ ಎದುರಾಗಿ."

ರಾಯಭಾರಿ ಆನಂದದಿಂದ ಏನೋ ಕೇಳಿದ. ಕಾರ್ಯದರ್ಶಿ ಅದನ್ನು ಇಂಗ್ಲಿಷಿಗೆ ತಂದ: "ಇವರಿಗೆ ಕುದುರೆ ಸವಾರಿ ಬರುತ್ತಾ ಅಂತ ಕೇಳ್ತಿದಾರೆ."

ಟಿಬಿಟ್ಸ್ ಯಾವ ಕಡೆಗೂ ಅಲ್ಲಾಡದಂತೆ ತನ್ನ ತಲೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಕೂತ.